ಬೆಳ್ಳಕ್ಕಿಗೆ ಬಿಳಿ ಬಣ್ಣ ಬೇಡ

ಹನ್ನೆರಡು ಬಿಲ್ಲೆಗಳ ಬಣ್ಣದ ಪೆಟ್ಟಿಗೆಯಲ್ಲಿ ನಾನು ಮೊದಲು ಖಾಲಿ ಮಾಡಿದ್ದು ಬಿಳಿ ಬಣ್ಣವನ್ನು. ಜಲವರ್ಣ ಗೊತ್ತಿರುವವರು ಇಷ್ಟು ಓದಿಯೇ ನಗುತ್ತಾರೆ, ನಗಲಿ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಕೂತು ಹಕ್ಕಿ ಬರೆಯಲು ಹೊರಟಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಬೆಳ್ಳಕ್ಕಿ. ಬೆಳ್ಳಕ್ಕಿ ಬಿಳಿ, ಹಾಗಾಗಿ ಬಿಳಿ ಹಚ್ಚಿದೆ. ಬಿಳಿ ಹಾಳೆಯ ಮೇಲೆ ಅದು ಕಾಣಿಸಲಿಲ್ಲ. ಇನ್ನಷ್ಟು ಹಚ್ಚಿದೆ. ಹಕ್ಕಿ ಎದ್ದು ಕಾಣಲಿ ಅಂತ ಸುತ್ತ ನೀಲಿ ಬಳಿದೆ. ಒದ್ದೆ ಬಿಳಿಯೊಳಗೆ ನೀಲಿ ನುಗ್ಗಿ, ನನ್ನ ಬೆಳ್ಳಕ್ಕಿ ನೀಲಿ ಹೆಚ್ಚಾದ ಬನಿಯನ್ ಥರ ಆಯಿತು.

ಕಲಾವಿದೆ ಆಗಬೇಕೆಂದು ನಾನು ಅಲ್ಲಿ ಕೂತಿರಲಿಲ್ಲ. 2021ರಲ್ಲಿ ಬಿ.ಎಸ್ಸಿ. ಮುಗಿಸಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತೇನೆಂದು ಮದ್ದೂರು ಕಡೆಯ ನಮ್ಮ ಹಳ್ಳಿಯಿಂದ ಮೈಸೂರಿಗೆ ಬಂದವಳು. ಪಿ.ಜಿ.ಯಲ್ಲಿ ಮೂವರಿಗೆ ಒಂದು ರೂಮು. ಎಫ್‌ಡಿಎ, ಎಸ್‌ಡಿಎ, ಪಿಡಿಒ, ಯಾವ ಅರ್ಜಿ ಕರೆದರೂ ಹಾಕುವುದು, ಬೆಳಿಗ್ಗೆ ಲೈಬ್ರರಿಯಲ್ಲಿ ಸೀಟು ಹಿಡಿಯುವುದು, ರಾತ್ರಿ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದು. ನಿಮ್ಮಲ್ಲಿ ಬಹಳ ಮಂದಿಗೆ ಈ ದಿನಚರಿಯನ್ನು ವಿವರಿಸುವ ಅಗತ್ಯವಿಲ್ಲ. ಎರಡನೇ ಸಲವೂ ಪಟ್ಟಿಯಲ್ಲಿ ನನ್ನ ನಂಬರ್ ಇರಲಿಲ್ಲ. ಕಟ್‌ಆಫ್‌ಗಿಂತ ಮೂರು ಅಂಕ ಕಡಿಮೆ. ಮೂವತ್ತು ಕಡಿಮೆಯಾಗಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲವೇನೋ.

ಮಾರನೇ ದಿನ ಲೈಬ್ರರಿಗೆ ಹೋಗುವ ದಾರಿಯಲ್ಲಿ ಕಾಲು ಕೆರೆಯ ಕಡೆ ತಿರುಗಿತು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದ ಕೆರೆ ಅದು. ಪಕ್ಕದಲ್ಲೇ ಮಾನಸಗಂಗೋತ್ರಿ. ವಾಕಿಂಗ್ ಮಾಡುವವರು, ನಗುವ ಕ್ಲಬ್ಬಿನವರು, ಇಯರ್‌ಫೋನ್ ಸಿಕ್ಕಿಸಿಕೊಂಡು ಪ್ರಚಲಿತ ವಿದ್ಯಮಾನ ಕೇಳುತ್ತಾ ನಡೆಯುವ ನಮ್ಮಂಥವರು, ಎಲ್ಲರೂ ಅಲ್ಲಿ ಸಿಗುತ್ತಾರೆ. ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆ, ನೀರುಕಾಗೆ, ಹಾವಕ್ಕಿ. ಹಾವಕ್ಕಿ ನೀರಿಗೆ ಮುಳುಗಿ ಎದ್ದು, ನೆಂದ ರೆಕ್ಕೆಗಳನ್ನು ಹರಡಿಕೊಂಡು ಬಿಸಿಲಿಗೆ ಒಣಗಿಸುತ್ತಿತ್ತು. ಅದರ ಗರಿಗೆ ನೀರು ತಾಗುತ್ತದೆ, ಬಾತುಕೋಳಿಯ ಗರಿಯ ಹಾಗೆ ಜಾರಿ ಹೋಗುವುದಿಲ್ಲ. ಒಣಗದೆ ಅದಕ್ಕೆ ಮುಂದಿನ ಕೆಲಸವಿಲ್ಲ. ಅರ್ಧ ಗಂಟೆ ಅದು ಅಲುಗಲಿಲ್ಲ, ನಾನೂ ಅಲುಗಲಿಲ್ಲ. ಬ್ಯಾಗಿನಲ್ಲಿದ್ದ ರಫ್ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ, ಶೇಕಡಾವಾರು ಲೆಕ್ಕದ ಪಕ್ಕ, ಅದರ ಕತ್ತನ್ನು ಗೀಚಿದೆ. ನನ್ನ ಮೊದಲ ಹಕ್ಕಿ ಅದು.

ಆಮೇಲೆ ಬಣ್ಣದ ಪೆಟ್ಟಿಗೆ ಬಂತು, ಶಾಲೆ ಮಕ್ಕಳ ಡ್ರಾಯಿಂಗ್ ಪುಸ್ತಕ ಬಂತು, ಮೊದಲು ಹೇಳಿದ ಬನಿಯನ್ ಬೆಳ್ಳಕ್ಕಿಯೂ ಬಂತು. ಆ ಪುಸ್ತಕದ ಹಾಳೆಗೆ ಎರಡು ಸಲ ನೀರು ತಾಗಿದರೆ ಹಪ್ಪಳದ ಹಾಗೆ ಉಬ್ಬುತ್ತಿತ್ತು. ಮೂರನೇ ಸಲಕ್ಕೆ ಮೇಲ್ಪದರವೇ ಕಿತ್ತು ಬರುತ್ತಿತ್ತು.

ನನ್ನ ಹಿಂದೆ ನಿಂತು ಇದನ್ನೆಲ್ಲ ನೋಡುತ್ತಿದ್ದವರು ಒಬ್ಬ ಹಿರಿಯರು. ಸಕ್ಕರೆ ಕಾಯಿಲೆಗೆಂದು ದಿನಾ ನಡೆಯಲು ಬರುತ್ತಿದ್ದವರು. ಮೂವತ್ತು ವರ್ಷ ಮೈಸೂರಿನ ಅಂಗಡಿಗಳಿಗೆ ಬೋರ್ಡ್ ಬರೆದವರು. ಫ್ಲೆಕ್ಸ್ ಬಂದ ಮೇಲೆ ಬ್ರಷ್ಷು ತೊಳೆದಿಟ್ಟು, ಒಂದು ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಪಾಳಿಯ ವಾಚ್‌ಮನ್ ಆಗಿದ್ದರು. ನಾನು ಅವರನ್ನು ಬೋರ್ಡ್ ತಾತ ಎನ್ನುತ್ತಿದ್ದೆ. ಮೊದಲ ದಿನ ಅವರು ಹೇಳಿದ್ದು ಇಷ್ಟೇ: "ಅದ್ಯಾಕಮ್ಮ ಬಿಳಿ ಹಚ್ತಾ ಇದೀಯ? ಹಾಳೆ ಬೆಳ್ಳಗೇ ಇದೆಯಲ್ಲ. ನೀರು ಬರಿ. ಹಕ್ಕಿ ಬಿಟ್ಬಿಡು."

ಅರ್ಥವಾಗಲಿಲ್ಲ. ಅವರೇ ಕೂತು ತೋರಿಸಿದರು. ಪೆನ್ಸಿಲ್ಲಿನಲ್ಲಿ ಬೆಳ್ಳಕ್ಕಿಯ ಅಂಚು ಮಾತ್ರ ಗುರುತು ಮಾಡಿ, ಅದರ ಹೊರಗೆ ಕೆರೆಯ ಹಸಿರು ನೀಲಿಯನ್ನು ಒಂದೇ ಸಲಕ್ಕೆ ಎಳೆದರು. ಎಣ್ಣೆಬಣ್ಣದಲ್ಲಿ ಅಕ್ಷರ ತಿದ್ದಿದ ಕೈ, ಅಂಚು ಎಲ್ಲೂ ಅಲುಗಲಿಲ್ಲ. ಬಣ್ಣವೇ ತಾಗದ ಜಾಗದಲ್ಲಿ ಹಕ್ಕಿ ನಿಂತಿತ್ತು.

ಜಲವರ್ಣದ ಮುಖ್ಯ ಕಷ್ಟ ಇದೇ. ಎಣ್ಣೆಬಣ್ಣದಲ್ಲಿ ಕತ್ತಲಿನ ಮೇಲೆ ಬೆಳಕು ಹಚ್ಚಬಹುದು, ತಪ್ಪಾದರೆ ಅದರ ಮೇಲೆ ಇನ್ನೊಂದು ಪದರ ಬಳಿದು ಮುಚ್ಚಬಹುದು. ಇಲ್ಲಿ ಬಣ್ಣ ಪಾರದರ್ಶಕ. ಬೆಳಕು ಬಣ್ಣದೊಳಗೆ ಇಳಿದು, ಹಾಳೆಗೆ ಬಡಿದು, ವಾಪಸ್ ಬರುತ್ತದೆ. ಹಾಗಾಗಿ ಕೆಳಗೆ ಮಾಡಿದ್ದೆಲ್ಲ ಮೇಲೆ ಕಾಣುತ್ತದೆ. ಎಲ್ಲಿ ಬಿಳಿ ಬೇಕೆಂದು ಬ್ರಷ್ಷು ಅದ್ದುವ ಮೊದಲೇ ತೀರ್ಮಾನಿಸಬೇಕು. ಒದ್ದೆಯಿದ್ದಾಗ ಗಾಢವಾಗಿ ಕಂಡದ್ದು ಒಣಗಿದ ಮೇಲೆ ತಿಳಿಯಾಗುತ್ತದೆ. ಅರೆಬರೆ ಒಣಗಿದ ಬಣ್ಣಕ್ಕೆ ಆತುರಪಟ್ಟು ಇನ್ನೊಂದು ಹನಿ ಇಟ್ಟರೆ, ಮಳೆಗಾಲದ ಗೋಡೆಗೆ ತೇವ ಏರಿದ ಹಾಗೆ ಕಲೆ ಹರಡುತ್ತದೆ. ಅದನ್ನು ಯಾರಿಂದಲೂ ಸರಿಮಾಡಲಾಗುವುದಿಲ್ಲ. ನನ್ನ ಮೊದಲ ಐವತ್ತು ಚಿತ್ರಗಳಲ್ಲಿ ನಲವತ್ತು ಹಾಳಾದದ್ದು ಕೈ ತಪ್ಪಿ ಅಲ್ಲ, ಕಾಯದೆ.

ಬಿಳಿಯೂ ಅಂದುಕೊಂಡಷ್ಟು ಬಿಳಿಯಲ್ಲ ಎಂಬುದು ನಿಧಾನಕ್ಕೆ ತಿಳಿಯಿತು. ಬೆಳ್ಳಕ್ಕಿಯ ಬೆನ್ನು ಬೆಳಗಿನ ಬಿಸಿಲಿಗೆ ಹಳದಿ, ರೆಕ್ಕೆಯ ಅಡಿಯ ನೆರಳು ನೀಲಿ, ಹೊಟ್ಟೆಯ ಕೆಳಗೆ ನೀರಿನ ಹಸಿರು. ಅಪ್ಪಟ ಬಿಳಿ ಉಳಿಯುವುದು ಎಲ್ಲೋ ಒಂದು ಅಂಗೈಯಗಲದ ಜಾಗದಲ್ಲಿ. ಕೊಳದ ಬಕ ಇನ್ನೂ ಚೇಷ್ಟೆಯದು. ಕೂತಾಗ ಮಣ್ಣು ಮೆತ್ತಿದಂತಿರುವ ಕಂದು ಗೆರೆಗಳ ಹಕ್ಕಿ, ಪಕ್ಕದಲ್ಲಿದ್ದರೂ ಯಾರೂ ತಿರುಗಿ ನೋಡುವುದಿಲ್ಲ. ಹಾರಿದ ಕ್ಷಣ ರೆಕ್ಕೆಯೆಲ್ಲ ಬಿಳಿ. ನಾನು ಕಂದು ಬಣ್ಣ ಕಲೆಸಿ ಮುಗಿಸುವಷ್ಟರಲ್ಲಿ ಅದು ಬಿಳಿಯಾಗಿ ಎದ್ದು ಹೋಗಿರುತ್ತಿತ್ತು.

ಮಿಂಚುಳ್ಳಿಯ ನೀಲಿಗಾಗಿ ನಾನು ಅಂಗಡಿ ಅಂಗಡಿ ಅಲೆದಿದ್ದೇನೆ. ಯಾವ ಬಿಲ್ಲೆಯಲ್ಲೂ ಆ ಹೊಳಪಿರಲಿಲ್ಲ. ಆಮೇಲೆ ಓದಿ ತಿಳಿದದ್ದು, ಮಿಂಚುಳ್ಳಿಯಲ್ಲಿ ನೀಲಿ ಬಣ್ಣವೇ ಇಲ್ಲ! ಗರಿಯೊಳಗಿನ ಅತಿಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವ ರೀತಿಗೆ ನಮಗೆ ನೀಲಿ ಕಾಣುತ್ತದೆ. ಗರಿಯನ್ನು ಅರೆದರೆ ನೀಲಿ ಪುಡಿ ಸಿಗುವುದಿಲ್ಲ. ನಮ್ಮ ರಾಜ್ಯ ಪಕ್ಷಿ ನೀಲಕಂಠದ ಕಥೆಯೂ ಇದೇ. ಬಿ.ಎಸ್ಸಿ.ಯಲ್ಲಿ ಬೆಳಕಿನ ಪಾಠ ಉರು ಹೊಡೆದು ಅಂಕ ತಗೊಂಡಿದ್ದ ನನಗೆ ಅದು ಅರ್ಥವಾದದ್ದು ಕೆರೆ ದಂಡೆಯಲ್ಲಿ. ಕೊನೆಗೆ ದಾರಿ ಸಿಕ್ಕಿದ್ದು ನೀಲಿಯಲ್ಲಲ್ಲ. ಬಿಳಿಕತ್ತಿನ ಮಿಂಚುಳ್ಳಿಯ ತಲೆ, ಹೊಟ್ಟೆಯ ಕಂದನ್ನು ಬರ್ನ್ಟ್ ಸಿಯೆನ್ನಾದಲ್ಲಿ ಚೆನ್ನಾಗಿ ಗಾಢ ಮಾಡಿದಾಗ, ಪಕ್ಕದ ಸಾಧಾರಣ ನೀಲಿ ತಾನಾಗಿ ಉರಿಯತೊಡಗಿತು.

ಒಂದು ದಿನ ಲೈಬ್ರರಿಯಲ್ಲಿ, ಓದಬೇಕಾದ ಗೈಡನ್ನು ಬದಿಗಿಟ್ಟು, ಕೆ. ವೆಂಕಟಪ್ಪನವರ ಚಿತ್ರಗಳಿದ್ದ ಪುಸ್ತಕ ನೋಡಿದೆ. ಮೈಸೂರಿನ ಚಿತ್ರಗಾರರ ಮನೆತನದವರು, 1886ರಲ್ಲಿ ಹುಟ್ಟಿದವರು, ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟ್ಯಾಗೋರರಲ್ಲಿ ಕಲಿತು ಬಂದವರು. ಊಟಿಯ ಬೆಟ್ಟಗಳನ್ನು ಅವರು ಜಲವರ್ಣದಲ್ಲಿ ಬರೆದಿದ್ದಾರೆ. ಮಂಜು ಎಲ್ಲಿ ಶುರುವಾಗುತ್ತದೆ, ಬೆಟ್ಟ ಎಲ್ಲಿ ಮುಗಿಯುತ್ತದೆ ಎಂದು ಬೆರಳಿಟ್ಟು ಹುಡುಕಿದೆ. ಅಂಚು ಸಿಗಲಿಲ್ಲ. ಆ ದಿನ ಓದಬೇಕಿದ್ದ ಸಂವಿಧಾನದ ಅಧ್ಯಾಯ ಹಾಗೇ ಉಳಿಯಿತು.

ಇದನ್ನು ಓದಿ, ಪುಸ್ತಕ ಬಿಟ್ಟು ಬ್ರಷ್ಷು ಹಿಡಿಯಿರಿ ಎನ್ನುತ್ತಿದ್ದಾಳೆ ಅಂದುಕೊಳ್ಳಬೇಡಿ. ಬೋರ್ಡ್ ತಾತ ವಾರಕ್ಕೊಮ್ಮೆಯಾದರೂ ಬೈಯುತ್ತಿದ್ದರು: "ಬಣ್ಣ ನಂಬ್ಕೊಂಡು ನಾನು ಕೆಟ್ಟಿದ್ದು ಸಾಕು. ಪರೀಕ್ಷೆ ಮಾತ್ರ ಬಿಡಬೇಡ ಕಣಮ್ಮ." ನಾನು ಬಿಟ್ಟಿರಲಿಲ್ಲ. ಆದರೆ ಬೇರೊಂದು ತಪ್ಪು ಮಾಡಿದ್ದೆ. ಎರಡನೇ ಪರೀಕ್ಷೆಯ ಫಲಿತಾಂಶ ಬಂದಿದೆ ಅಂತ ಮನೆಯಲ್ಲಿ ಹೇಳಿರಲಿಲ್ಲ. "ಇನ್ನೂ ಬಿಟ್ಟಿಲ್ಲ ಅಪ್ಪ, ಲೇಟಾಗ್ತಿದೆ" ಎಂದು ಫೋನಿನಲ್ಲಿ ಹೇಳಿದ್ದೆ. ಒಂದು ಸಲ ಹೇಳಿದ್ದನ್ನು ನಾಲ್ಕು ತಿಂಗಳು ಹೇಳಿಕೊಂಡೇ ಬಂದೆ. ಅಪ್ಪ ರೇಷ್ಮೆ ಬೆಳೆಯುವವನು. ಗೂಡು ಮಾರಿದ ದಿನ ನನ್ನ ಪಿ.ಜಿ. ದುಡ್ಡು ಬರುತ್ತಿತ್ತು. ಪ್ರತಿ ಸಲ ಮೊಬೈಲಿಗೆ ಮೆಸೇಜು ಬಂದಾಗಲೂ ಹೊಟ್ಟೆಯೊಳಗೆ ಕಲ್ಲು ಬಿದ್ದ ಹಾಗಾಗುತ್ತಿತ್ತು.

ಜೂನ್ ತಿಂಗಳ ಒಂದು ಭಾನುವಾರ ಅಪ್ಪ ಹೇಳದೆ ಕೇಳದೆ ಬಂದ. ಕೈಯಲ್ಲಿ ರಾಗಿಹಿಟ್ಟು, ಹುರುಳಿಕಾಳು, ಒಂದು ಬಾಟಲಿ ತುಪ್ಪ. ಪಿ.ಜಿ. ಆಂಟಿ ಗಂಡಸರನ್ನು ಒಳಗೆ ಬಿಡುವುದಿಲ್ಲ. ಅಪ್ಪ ಅನ್ನುವ ಕಾರಣಕ್ಕೆ ಹತ್ತು ನಿಮಿಷ ಬಿಟ್ಟರು. ರೂಮಿನಲ್ಲಿ ಕಿಟಕಿಯಿಂದ ಬಾಗಿಲಿನವರೆಗೆ ದಾರ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ಚಿತ್ರಗಳನ್ನು ಒಣಹಾಕಿದ್ದೆ. ಅಪ್ಪ ಬಗ್ಗಿ ಬಗ್ಗಿ ಒಂದೊಂದನ್ನೇ ನೋಡಿದ. ಹೆಜ್ಜಾರ್ಲೆಯ ಮುಂದೆ ನಿಂತ.

"ಇದು ತಪ್ಪದೆ ಮಗ. ಕೊಕ್ಕಿನ ಕೆಳಗಲ ಚೀಲ ಇಷ್ಟು ಬಿಗಿಯಾಗಿರಲ್ಲ. ಮರಿ ತಲೆ ತೂರಿಸಿ ಮೀನು ತಿಂತದಲ್ಲ, ಜೋತು ಬಿದ್ದಿರ್ತದೆ."

ಅಪ್ಪ ಚಿಕ್ಕಂದಿನಲ್ಲಿ ಬೆಳೆದದ್ದು ಕೊಕ್ಕರೆ ಬೆಳ್ಳೂರಿನ ಸೋದರಮಾವನ ಮನೆಯಲ್ಲಿ ಎಂಬುದು ನನಗೆ ಗೊತ್ತಿತ್ತು. ಆದರೆ ಹಕ್ಕಿಯ ಬಗ್ಗೆ ಅಪ್ಪನನ್ನು ಕೇಳಬಹುದು ಅಂತ ಹೊಳೆದೇ ಇರಲಿಲ್ಲ. ಬೆಳ್ಳಕ್ಕಿಯ ಚಿತ್ರ ನೋಡಿ, "ಇದಕ್ಕೆ ಬಣ್ಣನೇ ಹಚ್ಚಿಲ್ವಲ್ಲ, ಬಿಳೀದು ಮುಗಿದೋಯ್ತಾ?" ಎಂದ. ಬಿಳಿ ಬಳಸುವುದಿಲ್ಲ, ಹಾಳೆಯನ್ನೇ ಬಿಡುತ್ತೇವೆ ಅಂತ ವಿವರಿಸಿದೆ. "ಹಂಗಾದ್ರೆ ಏನೂ ಮಾಡದೇ ಇರೋದಕ್ಕೂ ಕಲೀಬೇಕು ಅನ್ನು" ಎಂದು ನಕ್ಕು, ಅದೇ ಉಸಿರಿನಲ್ಲಿ ಕೇಳಿದ: "ರಿಸಲ್ಟ್ ಬಂತಾ?"

ಹೇಳಿಬಿಟ್ಟೆ. ಫೆಬ್ರುವರಿಯಲ್ಲೇ ಬಂತು, ಆಗಲಿಲ್ಲ, ಮೂರು ಅಂಕ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೇಳ್ಬೇಕಾಗಿತ್ತು" ಎಂದ, ಅಷ್ಟೇ. ಬಸ್ ಸ್ಟ್ಯಾಂಡಿನವರೆಗೂ ಇಬ್ಬರೂ ಮಾತಾಡಲಿಲ್ಲ. ಬಸ್ಸು ಹತ್ತುವಾಗ ಮಾತ್ರ, "ಇದ್ರಲ್ಲಿ ಹೊಟ್ಟೆ ತುಂಬ್ತದಾ ಮಗ?" ಎಂದು ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದಾದ ಮೇಲೆ ಇನ್ನೊಂದು ಪರೀಕ್ಷೆ ಬರೆದೆ. ಅದೂ ಆಗಲಿಲ್ಲ. ಆದರೆ ಫಲಿತಾಂಶ ಬಂದ ಸಂಜೆಯೇ ಮನೆಗೆ ಫೋನ್ ಮಾಡಿದೆ. ಖಾಸಗಿ ಕೆಲಸಗಳಿಗೆ ಅರ್ಜಿ ಹಾಕತೊಡಗಿದೆ. ರೆಸ್ಯೂಮೆಯಲ್ಲಿ 2021ರಿಂದ 2024ರವರೆಗೆ ಖಾಲಿ. ಈ ಖಾಲಿ ಜಾಗವನ್ನು ಏನಾದರೂ ತುಂಬಿಸು, ಯಾವುದಾದರೂ ಕೋರ್ಸಿನ ಹೆಸರು ಹಾಕು ಎಂದು ರೂಮ್‌ಮೇಟ್ ಹೇಳಿದಳು. ಮನಸ್ಸಾಗಲಿಲ್ಲ. ನಾಲ್ಕು ತಿಂಗಳ ಸುಳ್ಳಿನ ರುಚಿ ನಾಲಿಗೆಯ ಮೇಲೆ ಇನ್ನೂ ಇತ್ತು. ಮೊದಲ ಸಂದರ್ಶನದಲ್ಲಿ ನಿರೀಕ್ಷಿಸಿದ ಪ್ರಶ್ನೆಯೇ ಬಂತು: "ಈ ಮೂರು ವರ್ಷ ಏನ್ ಮಾಡ್ತಿದ್ರಿ?" "ಪರೀಕ್ಷೆ ಬರೆದೆ ಸರ್, ಹಕ್ಕಿ ಬರೆದೆ" ಎಂದೆ. ಅವರು ನಕ್ಕರು. ಕೆಲಸ ಕೊಡಲಿಲ್ಲ. ನಾಲ್ಕನೇ ಕಡೆ ಇದೇ ಉತ್ತರಕ್ಕೆ, "ಚಿತ್ರ ತಂದಿದ್ದೀರಾ?" ಎಂದು ಕೇಳಿದರು. ಮಕ್ಕಳ ಕಲಿಕಾ ಪುಸ್ತಕ ತಯಾರಿಸುವ ಸಣ್ಣ ಸಂಸ್ಥೆ ಅದು. ಈಗ ಅಲ್ಲಿ ಎಲೆ, ಹುಳ, ಹಕ್ಕಿ ಬರೆಯುತ್ತೇನೆ, ಜೊತೆಗೆ ಲೆಕ್ಕದ ಪುಟಗಳ ಕರಡು ತಿದ್ದುತ್ತೇನೆ. ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಪಿ.ಜಿ. ಬಾಡಿಗೆ ನಾನೇ ಕಟ್ಟುತ್ತೇನೆ. ಹತ್ತಿಯ ನಾರಿನ 300 ಜಿಎಸ್‌ಎಂ ಹಾಳೆ ಮಾತ್ರ ಇವತ್ತಿಗೂ ದುಬಾರಿಯೇ, ಅದಕ್ಕೇ ಒಂದೊಂದರ ಎರಡೂ ಬದಿಗೆ ಬರೆಯುತ್ತೇನೆ.

ಈ ವರ್ಷ ಫೆಬ್ರುವರಿಯಲ್ಲಿ ಅಪ್ಪನೇ, "ಬೆಳ್ಳೂರಿಗೆ ಹೋಗನಾ, ಚೀಲ ಸರಿಯಾಗಿ ನೋಡುವಿಯಂತೆ" ಎಂದ. ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳು ಕಾಡಿನಲ್ಲಲ್ಲ, ಊರೊಳಗೇ ಗೂಡು ಕಟ್ಟುತ್ತವೆ. ಮನೆ ಮುಂದಿನ ಹುಣಸೆ ಮರದಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ. ಕೆಳಗೆ ಎಮ್ಮೆ ಕಟ್ಟಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ ಅಲ್ಲಿನವರು ಆ ಹಕ್ಕಿಗಳನ್ನು. ಮರದಡಿ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಲು ಊರಿನ ಯುವಕರದೇ ಹೆಜ್ಜಾರ್ಲೆ ಬಳಗವಿದೆ. 2007ರಲ್ಲಿ ಊರನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಲಾಯಿತು.

ಹುಣಸೆ ಮರದಿಂದ ಸ್ವಲ್ಪ ಈಚೆಗೆ ಜಗುಲಿಯ ಮೇಲೆ ಕೂತೆ. ಅಪ್ಪ ಪಕ್ಕದಲ್ಲಿ ಕೂತು ಬೆರಳು ಮಾಡಿ ತೋರಿಸುತ್ತಿದ್ದ: ಅಗೋ ಈಗ ಬಾಯಿ ತೆರೀತದೆ, ಈಗ ಮರಿ ತಲೆ ಹಾಕ್ತದೆ, ನೋಡು, ಹೆಂಗೆ ಜೋತು ಬಿತ್ತು. ಚೀಲದ ಮಡಿಕೆಗಳನ್ನು ಎರಡು ಬಣ್ಣದಲ್ಲಿ ಹಿಡಿದೆ. ಬೆನ್ನಿನ ಬಿಳಿಗೆ ಜಾಗ ಬಿಟ್ಟೆ. ಸುತ್ತಲಿನ ಎಲೆಗಳ ಹಸಿರು ಇನ್ನೂ ಒದ್ದೆಯಿತ್ತು. ಆರಲಿ ಅಂತ ಹಾಳೆಯನ್ನು ಮೊಣಕಾಲ ಮೇಲಿಟ್ಟು ಕಾಯುತ್ತಿದ್ದೆ.

ತಲೆಯ ಮೇಲೆ ರೆಕ್ಕೆ ಬಡಿದ ಸದ್ದಾಯಿತು. ಹಾಳೆಯ ನಡುಮಧ್ಯಕ್ಕೆ, ಹೆಜ್ಜಾರ್ಲೆಯ ಬೆನ್ನಿನಿಂದ ಒಂದು ಬೆರಳು ಆಚೆಗೆ, ಪಚಕ್ಕನೆ ಹಿಕ್ಕೆ ಬಿತ್ತು. ದಪ್ಪನೆಯ, ಅಪ್ಪಟ ಬಿಳಿ.

ಅಪ್ಪ ಜಗುಲಿ ತಟ್ಟಿ ತಟ್ಟಿ ನಕ್ಕ. "ಬಿಳೀ ಬಣ್ಣ ಹಚ್ಚಲ್ಲ ಅಂತಿದ್ಯಲ್ಲ, ತಗೋ" ಎಂದ.