ಪರೀಕ್ಷೆಯಾಗದ ನಾಣ್ಯ

ನಮ್ಮ ಭಾಷೆಯಲ್ಲಿ ನಾಣ್ಯವೆಂಬ ಶಬ್ದಕ್ಕೆ ಎರಡರ್ಥಗಳುಂಟು. ಟಂಕಸಾಲೆಯಲ್ಲಿ ಅಚ್ಚೊತ್ತಿದ ಹಣವು ನಾಣ್ಯ; ಒಳ್ಳೆಯ ತರದ ಪದಾರ್ಥವೂ ನಾಣ್ಯ. ನಂಬತಕ್ಕ ವರ್ತಕನನ್ನು ನಾಣ್ಯಸ್ಥನೆಂದು ಕರೆಯುವುದು ಹಿರಿಯರ ವಾಡಿಕೆ. ಹಣಕ್ಕೂ ನಂಬಿಕೆಗೂ ಒಂದೇ ಮಾತನ್ನು ಬಳಸಿದ ಜನರು ವ್ಯಾಪಾರದ ಮರ್ಮವನ್ನು ಚೆನ್ನಾಗಿಯೇ ಅರಿತಿದ್ದಿರಬೇಕು. ಹಳೆಯ ನಾಣ್ಯಗಳನ್ನು ಕೊಂಡು ಕೂಡಿಡುವ ಹವ್ಯಾಸದಲ್ಲಿ ಈ ಎರಡರ್ಥಗಳೂ ಒಂದೆಡೆ ಸೇರುತ್ತವೆ. ಅಲ್ಲಿ ಕೊಳ್ಳುವ ವಸ್ತುವು ನಾಣ್ಯ. ಆದರೆ ತೆರುವ ಬೆಲೆಯ ಬಹುಭಾಗವು ಅದು ನಿಜವಾದುದೆಂಬ ನಂಬಿಕೆಗಾಗಿ.

ಹವ್ಯಾಸವೇನೋ ಶ್ಲಾಘ್ಯವಾದುದು. ಕಂಠೀರವ ನರಸರಾಜ ಒಡೆಯರ ಕಾಲದ, ಅರ್ಧ ಗ್ರಾಮನ್ನೂ ಮುಟ್ಟದ ಚಿನ್ನದ ಹಣವೊಂದನ್ನು ಅಂಗೈಯಲ್ಲಿಟ್ಟು ನೋಡುವ ಬಾಲಕನು ಹದಿನೇಳನೆಯ ಶತಮಾನವನ್ನು ಪಾಠಪುಸ್ತಕಕ್ಕಿಂತ ಬೇಗನೆ ಅರಿತುಕೊಳ್ಳುತ್ತಾನೆ. ಆದರೆ ಬೆಲೆಯು ನೂರರಿಂದ ಸಾವಿರಕ್ಕೆ, ಸಾವಿರದಿಂದ ಹತ್ತಾರು ಸಾವಿರಕ್ಕೆ ಏರಿದಾಗ ಅದು ವಿನೋದದ ಮಾತಾಗಿ ಉಳಿಯುವುದಿಲ್ಲ. ಮಕ್ಕಳ ವಿದ್ಯಾಭ್ಯಾಸಕ್ಕೋ ವೃದ್ಧರ ಔಷಧೋಪಚಾರಕ್ಕೋ ಮೀಸಲಾದ ಹಣವು ಒಂದು ಬೆಳ್ಳಿಯ ಬಿಲ್ಲೆಯಲ್ಲಿ ಅಡಗಿ ಕುಳಿತಾಗ, ಆ ಬಿಲ್ಲೆಯು ಸಾಚಾ ಹೌದೋ ಅಲ್ಲವೋ ಎಂಬುದು ಇಡೀ ಸಂಸಾರದ ಪ್ರಶ್ನೆಯಾಗುತ್ತದೆ. ಆದುದರಿಂದ ಈ ವಿಷಯವನ್ನು ಗೃಹಸ್ಥರ ಮುಂದಿಡುವುದು ಅನುಚಿತವಾಗಲಾರದು.

ಮೊದಲು, ದರ್ಜೆ ಕಟ್ಟುವುದೆಂದರೇನೆಂಬುದನ್ನು ತಿಳಿಯೋಣ. ಅಮೆರಿಕದ ವಿಲಿಯಂ ಷೆಲ್ಡನ್ ಎಂಬವರು ೧೯೪೯ರಲ್ಲಿ ತಮ್ಮ ದೇಶದ ಹಳೆಯ ತಾಮ್ರದ ಸೆಂಟುಗಳ ಸ್ಥಿತಿಯನ್ನು ಅಳೆಯಲು ೧ರಿಂದ ೭೦ರ ವರೆಗಿನ ಒಂದು ಮಾನವನ್ನು ಏರ್ಪಡಿಸಿದರು. ತೀರ ಸವೆದುದಕ್ಕೆ ೧. ಕಿಂಚಿತ್ತೂ ಕುಂದಿಲ್ಲದುದಕ್ಕೆ ೭೦. ಮುಂದೆ ಅದೇ ದೇಶದಲ್ಲಿ ಪಿ.ಸಿ.ಜಿ.ಎಸ್. ಎಂಬ ಸಂಸ್ಥೆಯು ೧೯೮೬ರಲ್ಲಿಯೂ ಎನ್.ಜಿ.ಸಿ. ಎಂಬುದು ೧೯೮೭ರಲ್ಲಿಯೂ ಈ ಕಾರ್ಯವನ್ನು ವೃತ್ತಿಯಾಗಿ ಆರಂಭಿಸಿದುವು. ಇವು ಶುಲ್ಕವನ್ನು ಪಡೆದು, ನಾಣ್ಯವು ಸಾಚಾ ಹೌದೇ ಎಂದು ಪರೀಕ್ಷಿಸಿ, ಅದರ ದರ್ಜೆಯನ್ನು ನಿರ್ಣಯಿಸಿ, ಪಾರದರ್ಶಕವಾದ ಗಟ್ಟಿ ಡಬ್ಬಿಯಲ್ಲಿ ಮುದ್ರೆಮಾಡಿ, ಒಂದು ಸಂಖ್ಯೆಯನ್ನು ಕೊಟ್ಟು ಹಿಂದಿರುಗಿಸುತ್ತವೆ. ಹೀಗೆ ಪರೀಕ್ಷೆಗೊಳಗಾಗದೆ ಬರಿಗೈಯಿಂದ ಬರಿಗೈಗೆ ಸಾಗುವುದೇ ದರ್ಜೆ ಕಟ್ಟದ ನಾಣ್ಯ. ಡಬ್ಬಿಯಲ್ಲಿದ್ದ ಮಾತ್ರಕ್ಕೆ ನಿಶ್ಚಿಂತೆಯಿಂದಿರುವಂತಿಲ್ಲ. ಡಬ್ಬಿಯನ್ನೇ ಖೋಟಾ ಮಾಡುವವರೂ ಇದ್ದಾರೆ. ಅದರ ಮೇಲಿನ ಸಂಖ್ಯೆಯನ್ನು ಸಂಸ್ಥೆಯ ದಾಖಲೆಯೊಡನೆ ಹೋಲಿಸಿ ನೋಡತಕ್ಕದ್ದು.

ಇದೆಲ್ಲ ಪಾಶ್ಚಾತ್ಯರ ಹೊಸ ಕಲ್ಪನೆಯೆಂದು ಭಾವಿಸಬೇಕಾಗಿಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತು, ಆರ್. ಶಾಮಶಾಸ್ತ್ರಿಗಳ ಪರಿಶ್ರಮದಿಂದ ೧೯೦೯ರಲ್ಲಿ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರೂಪದರ್ಶಕನೆಂಬ ಅಧಿಕಾರಿಯ ಪ್ರಸ್ತಾಪವಿದೆ. ವ್ಯವಹಾರದಲ್ಲಿ ಚಲಿಸುವ, ಬೊಕ್ಕಸಕ್ಕೆ ಸೇರುವ ನಾಣ್ಯಗಳನ್ನು ಪರೀಕ್ಷಿಸುವುದು ಅವನ ಕೆಲಸ. ನೂರಕ್ಕೆ ಎಂಟರಲ್ಲೊಂದು ಪಾಲು ಪರೀಕ್ಷೆಯ ಶುಲ್ಕ. ಯಾಜ್ಞವಲ್ಕ್ಯಸ್ಮೃತಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಾಚಾ ನಾಣ್ಯವನ್ನು ಖೋಟಾ ಎಂದೋ ಖೋಟಾ ನಾಣ್ಯವನ್ನು ಸಾಚಾ ಎಂದೋ ಹೇಳುವ ಪರೀಕ್ಷಕನಿಗೆ ಉತ್ತಮಸಾಹಸವನ್ನು, ಎಂದರೆ ದಂಡಗಳಲ್ಲಿ ಅತ್ಯಂತ ದೊಡ್ಡದನ್ನು, ವಿಧಿಸುತ್ತದೆ. ಈ ಸ್ಮೃತಿಗೆ ಪ್ರಸಿದ್ಧವಾದ ಮಿತಾಕ್ಷರಾ ವ್ಯಾಖ್ಯಾನವನ್ನು ವಿಜ್ಞಾನೇಶ್ವರನು ಬರೆದುದು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ನಾಣ್ಯದ ಬೆಲೆಯು ಪರೀಕ್ಷಕನ ಮಾತಿನ ಮೇಲೆ ನಿಂತಿದೆಯೆಂಬುದು ನಮ್ಮವರಿಗೆ ಹೊಸದಲ್ಲ. ಇಂದು ಸಂತೆಯಲ್ಲೋ ಪ್ರದರ್ಶನದಲ್ಲೋ ಅಂತರ್ಜಾಲದ ಮೂಲಕವೋ ನಾಣ್ಯವನ್ನು ಮಾರುವವನೇ ಅದರ ಪರೀಕ್ಷಕನೂ ಆಗಿರುತ್ತಾನೆ, ವ್ಯತ್ಯಾಸವಿರುವುದು ಅಷ್ಟರಲ್ಲಿಯೇ.

ಹಾಗಾದರೆ ದರ್ಜೆ ಕಟ್ಟಿದ ನಾಣ್ಯವನ್ನೇ ಕೊಳ್ಳಬಾರದೇಕೆ ಎಂದು ವಾಚಕರು ಕೇಳಬಹುದು. ಇದಕ್ಕೆ ಎರಡು ತೊಡಕುಗಳಿವೆ. ಒಂದನೆಯದಾಗಿ, ಐನೂರು ರೂಪಾಯಿ ಬಾಳುವ ನಾಣ್ಯಕ್ಕೆ ಅದಕ್ಕಿಂತ ಹೆಚ್ಚು ಶುಲ್ಕವನ್ನೂ ಅಂಚೆಯ ವೆಚ್ಚವನ್ನೂ ತೆರುವವರಾರು? ಎರಡನೆಯದಾಗಿ, ೧೯೭೨ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯವು ಪುರಾವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಆದುದರಿಂದ ಪರದೇಶದ ಪರೀಕ್ಷಾಲಯಕ್ಕೆ ವಿಜಯನಗರದ ವರಾಹವನ್ನೋ ಟಿಪ್ಪುವಿನ ಕಾಲದ ತಾಮ್ರದ ಕಾಸನ್ನೋ ಅಂಚೆಯಲ್ಲಿ ಕಳುಹಿಸುವ ಮಾತೇ ಇಲ್ಲ. ಭಾರತದ ಪ್ರಾಚೀನ ನಾಣ್ಯಗಳಲ್ಲಿ ಬಹುಪಾಲು ದರ್ಜೆಯಿಲ್ಲದೆಯೇ ಕೈಬದಲಾಗುವುದು ಹೀಗೆ.

ಇಲ್ಲಿ ಒಂದು ಸೂಕ್ಷ್ಮವುಂಟು. ಅಗ್ಗದ ನಾಣ್ಯಕ್ಕೆ ದರ್ಜೆಯಿಲ್ಲದಿದ್ದರೆ ಅದರಿಂದ ಯಾವ ಸಂಶಯವೂ ಹುಟ್ಟಬೇಕಾಗಿಲ್ಲ. ನೂರು ವರ್ಷ ಮೀರಿದ ನಾಣ್ಯಕ್ಕೆ ಕಾಯಿದೆಯೇ ಸಮಾಧಾನ ಹೇಳುತ್ತದೆ. ಆದರೆ ನೂರು ವರ್ಷವೂ ತುಂಬದ, ಅತ್ಯಂತ ವಿರಳವೆನ್ನಿಸಿಕೊಂಡ, ಭಾರಿ ಬೆಲೆಯ ನಾಣ್ಯವು ಪರೀಕ್ಷೆಯಿಲ್ಲದೆ ಮಾರಾಟಕ್ಕೆ ಬಂದರೆ, ಶುಲ್ಕವನ್ನು ತೆತ್ತು ಪ್ರಮಾಣಪತ್ರ ಪಡೆದರೆ ಲಾಭವಿರುವಾಗಲೂ ಮಾರುವವನು ಏಕೆ ಪಡೆಯಲಿಲ್ಲವೆಂದು ಕೇಳಲೇಬೇಕು. ಇದಕ್ಕೆ ಆರನೆಯ ಜಾರ್ಜ್ ದೊರೆಯ ೧೯೩೯ನೆಯ ಇಸವಿಯ ಬೆಳ್ಳಿ ರೂಪಾಯಿ ಉತ್ತಮ ನಿದರ್ಶನ. ೧೯೩೮ರ ರೂಪಾಯಿ ಸುಲಭವಾಗಿ ದೊರೆಯುವುದು. ೧೯೪೦ರಿಂದ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ನಡುವಿನ ೧೯೩೯ರದು ಬಹು ವಿರಳ. ಆದುದರಿಂದಲೇ ಖೋಟಾಗಾರರಿಗೆ ಬಹು ಪ್ರಿಯ.

ಈಗ ಸ್ವಲ್ಪ ಅಂಕಗಣಿತ. ಇಂಥ ನಾಣ್ಯವು ಸಾಚಾ ಆದರೆ ೪೦,೦೦೦ ರೂಪಾಯಿ ಬಾಳುವುದೆಂದೂ, ಬೆಳ್ಳಿಯದೇ ಆದ ಖೋಟಾ ಆದರೆ ಲೋಹದ ಬೆಲೆ ೨,೦೦೦ ಮಾತ್ರವೆಂದೂ ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಮಾರುವವನು ‘ನಿಮಗೆಂದು ಅರ್ಧ ಬೆಲೆ’ ಎಂದು ೨೦,೦೦೦ಕ್ಕೆ ಕೊಡಬರುತ್ತಾನೆ. ಇಂಥ ನಾಲ್ಕು ನಾಣ್ಯಗಳಲ್ಲಿ ಸಾಚಾ ಒಂದೇ ಎಂದಾದರೆ, ನಾಲ್ಕನ್ನೂ ಕೊಂಡವನು ೮೦,೦೦೦ ತೆತ್ತು ೪೬,೦೦೦ದ ಸೊತ್ತನ್ನು ಪಡೆಯುತ್ತಾನೆ, ೩೪,೦೦೦ ನಷ್ಟ. ಆ ಸಂದರ್ಭದಲ್ಲಿ ಒಂದು ನಾಣ್ಯದ ನ್ಯಾಯವಾದ ಬೆಲೆ ೧೧,೫೦೦ ಮಾತ್ರ. ಅರ್ಧ ಬೆಲೆಗೆ ಸಿಕ್ಕಿತೆಂದು ಹಿಗ್ಗುವವನು, ಆ ಕಡಿತವು ಉಪಕಾರವಲ್ಲ, ಸಂಶಯದ ಬೆಲೆಯೇ ಹೊರತು ಬೇರೆಯಲ್ಲವೆಂಬುದನ್ನು ಮರೆಯುತ್ತಾನೆ. ಎಷ್ಟೋ ವೇಳೆ ಆ ಕಡಿತವೂ ಸಾಲದು.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳು ಕೆಲವುಂಟು. ೧೮೩೫ರಿಂದ ಬ್ರಿಟಿಷರ ಬೆಳ್ಳಿ ರೂಪಾಯಿಯ ತೂಕವು ಒಂದು ತೊಲ, ಎಂದರೆ ೧೧.೬೬ ಗ್ರಾಂ. ಹಿಂದೆ ಅಂಗಡಿಗಳಲ್ಲಿ ರೂಪಾಯಿಯನ್ನೇ ತೊಲದ ಬೊಟ್ಟಾಗಿ ತಕ್ಕಡಿಗೆ ಹಾಕುತ್ತಿದ್ದುದೂ ಇದರಿಂದಲೇ. ಸವೆತದಿಂದ ತೂಕವು ತುಸು ಇಳಿಯಬಹುದು, ಏರಲಾರದು. ಇನ್ನು ನೀರಿನ ಪರೀಕ್ಷೆ. ಗ್ರಾಮಿನ ನೂರರಲ್ಲೊಂದು ಭಾಗವನ್ನು ತೋರಿಸುವ ಸಣ್ಣ ತಕ್ಕಡಿಯ ಮೇಲೆ ನೀರಿನ ಬಟ್ಟಲನ್ನಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ನಾಣ್ಯವನ್ನು ಸಣ್ಣ ನೂಲಿನಿಂದ ತಳಮುಟ್ಟದಂತೆ ಪೂರ್ತಿ ಮುಳುಗಿಸಿ ಹಿಡಿಯಬೇಕು. ನೂರಕ್ಕೆ ೯೧.೭ ಪಾಲು ಬೆಳ್ಳಿಯುಳ್ಳ ರೂಪಾಯಿಯಾದರೆ ತಕ್ಕಡಿಯು ಸುಮಾರು ೧.೧೩ ಗ್ರಾಂ ತೋರಿಸುವುದು. ಅರ್ಧ ಬೆಳ್ಳಿಯದಾದರೆ ಸುಮಾರು ೧.೨೨, ಅದೇ ತೂಕದ ಹಿತ್ತಾಳೆಯಾದರೆ ೧.೩೭ರ ಸಮೀಪ. ಅಯಸ್ಕಾಂತವು ಬೆಳ್ಳಿಯನ್ನು ಸೆಳೆಯದು. ಆದರೆ ೧೯೪೭ರ ರೂಪಾಯಿಯು ನಿಕ್ಕಲಿನದಾದುದರಿಂದ ಅದನ್ನು ಸೆಳೆಯುವುದು. ಅಲ್ಲಿ ಸೆಳೆಯದಿದ್ದರೇ ಸಂಶಯ. ಬಳಿಕ ಭೂತಕನ್ನಡಿಯಿಂದ ಅಕ್ಷರಗಳ ನಡುವಣ ಬಯಲನ್ನೂ ಅಂಚನ್ನೂ ನೋಡತಕ್ಕದ್ದು. ಎರಕ ಹೊಯ್ದ ನಾಣ್ಯದಲ್ಲಿ ಸಣ್ಣ ಗುಳಿಗಳೂ ಮೊಂಡಾದ ಅಕ್ಷರಗಳೂ ಅಂಚಿನಲ್ಲಿ ಜೋಡಣೆಯ ಗೆರೆಯೂ ಹಲವೊಮ್ಮೆ ಕಾಣುತ್ತವೆ.

ಆದರೆ ಈ ಪರೀಕ್ಷೆಗಳ ಎಲ್ಲೆಯನ್ನು ಅರಿತಿರಬೇಕು. ಇವು ನಾಣ್ಯವನ್ನು ತಿರಸ್ಕರಿಸಲು ಸಮರ್ಥವಾದುವೇ ಹೊರತು ಅಂಗೀಕರಿಸಲು ಸಮರ್ಥವಾದುವಲ್ಲ. ೧೯೩೮ರ ರೂಪಾಯಿಯಲ್ಲಿ ಕೊನೆಯ ಎಂಟನ್ನು ತಿದ್ದಿ ಒಂಬತ್ತು ಮಾಡಿದರೆ, ಬೆಳ್ಳಿಯೂ ನಿಜ, ತೂಕವೂ ನಿಜ, ಟಂಕಸಾಲೆಯೂ ನಿಜ; ಸುಳ್ಳಾದುದು ಒಂದಂಕಿ ಮಾತ್ರ. ಚಿನಿವಾರನ ಒರೆಗಲ್ಲಿಗೆ ಆ ಸುಳ್ಳು ಕಾಣದು. ಅಂಥದನ್ನು ಕಂಡುಹಿಡಿಯಲು ಸಾಚಾ ನಾಣ್ಯಗಳನ್ನು ಬಹುಕಾಲ ನೋಡಿ ಪಳಗಿದ ಕಣ್ಣು ಬೇಕು. ಆ ಕಣ್ಣು ಬರುವ ತನಕ ಭಾರಿ ಬೆಲೆಯ ವಿರಳ ನಾಣ್ಯಕ್ಕೆ ಕೈಹಾಕದಿರುವುದೇ ಲೇಸು.

ಸಾಚಾ ನಾಣ್ಯದಲ್ಲಿಯೂ ಕುಂದುಗಳಿರಬಹುದು. ಹಿಂದೆ ರೂಪಾಯಿಗಳಿಗೆ ಕೊಂಡಿ ಬೆಸೆದು ಸರ ಮಾಡಿಸಿಕೊಳ್ಳುತ್ತಿದ್ದರು. ಆ ಕೊಂಡಿಯನ್ನು ತೆಗೆದು ಉಜ್ಜಿದ ಕಲೆಯು ಅಂಚಿನಲ್ಲಿ ಉಳಿದಿರುತ್ತದೆ. ಮನೆಯ ಗೃಹಿಣಿಯರಿಗೆ ಒಂದು ವಿಜ್ಞಾಪನೆ: ಲಕ್ಷ್ಮೀಪೂಜೆಗೆಂದು ಹಳೆಯ ಬೆಳ್ಳಿ ರೂಪಾಯಿಗಳನ್ನು ಹುಣಿಸೆಹಣ್ಣಿನಿಂದಲೋ ಬೂದಿಯಿಂದಲೋ ಬೆಳಗುವ ಮೊದಲು ಒಂದು ಕ್ಷಣ ಯೋಚಿಸಬೇಕು. ಕಾಲಕ್ರಮದಲ್ಲಿ ಏರಿದ ಕಪ್ಪು ಛಾಯೆಯು ಕೊಳೆಯಲ್ಲ. ಸಂಗ್ರಾಹಕರು ಅದನ್ನು ಬಯಸುತ್ತಾರೆ. ಒಮ್ಮೆ ಉಜ್ಜಿ ತೆಗೆದುದನ್ನು ಮತ್ತೆ ತರಲಾಗದು. ಅದೇ ಕಾರಣದಿಂದ, ಅತಿಯಾಗಿ ಥಳಥಳಿಸುವ ಶತಮಾನದ ಹಿಂದಿನ ನಾಣ್ಯವನ್ನು ಕೊಳ್ಳುವಾಗ ಹಿಗ್ಗುವುದರ ಬದಲು ಕಾರಣವನ್ನು ಕೇಳುವುದು ಮೇಲು.

ಕಥೆಗಳ ವಿಷಯದಲ್ಲಿಯೂ ಎಚ್ಚರವಿರಬೇಕು. ಹಳೆಯದೆಲ್ಲ ವಿರಳವೆಂಬುದು ಮೊದಲನೆಯ ಭ್ರಾಂತಿ. ವಿಕ್ಟೋರಿಯಾ ರಾಣಿಯ ರೂಪಾಯಿಯ ಮೇಲೆ ೧೮೬೨ ಎಂಬ ಇಸವಿಯನ್ನು, ೧೮೭೪ರಲ್ಲಿ ವರ್ಷವರ್ಷದ ಇಸವಿಯನ್ನು ಕೆತ್ತುವ ಪದ್ಧತಿಯು ಮೊದಲಾಗುವ ವರೆಗೂ, ಬದಲಿಸದೆ ಒತ್ತುತ್ತ ಬಂದರು. ಆ ಇಸವಿಯ ರೂಪಾಯಿಗಳಿಗೆ ಬರವಿಲ್ಲ. ಕಥೆ ನಿಜವಾದ ಮಾತ್ರಕ್ಕೆ ಕೈಯಲ್ಲಿರುವ ನಾಣ್ಯವು ನಿಜವಾಗುವುದಿಲ್ಲವೆಂಬುದು ಎರಡನೆಯ ಮಾತು. ೧೯೧೧ರ ರೂಪಾಯಿಯಲ್ಲಿ ಐದನೆಯ ಜಾರ್ಜ್ ದೊರೆಯ ನಿಲುವಂಗಿಯ ಮೇಲಿನ ಆನೆಯು ಹಂದಿಯಂತೆ ಕಂಡು, ಜನರು ಆಕ್ಷೇಪಿಸಿದುದರಿಂದ ಮರುವರ್ಷ ಅದನ್ನು ತಿದ್ದಿದುದು ನಿಜ. ಆದರೆ ಅದನ್ನು ರಸವತ್ತಾಗಿ ಹೇಳಬಲ್ಲವನ ನಾಣ್ಯವನ್ನೂ ತೂಗಿಯೇ ಕೊಳ್ಳಬೇಕು. ಇನ್ನು, ಒಂದು ಬದಿಗೆ ಹನುಮಂತನನ್ನೋ ಶ್ರೀರಾಮಪಟ್ಟಾಭಿಷೇಕವನ್ನೋ, ಮತ್ತೊಂದು ಬದಿಗೆ ಈಸ್ಟ್ ಇಂಡಿಯಾ ಕಂಪನಿ, ಒನ್ ಅಣಾ, ೧೮೧೮ ಎಂಬ ಬರಹವನ್ನೋ ಹೊತ್ತು ತಿರುಗುವ ತಾಮ್ರದ ಬಿಲ್ಲೆಗಳು ಕಂಪನಿಯ ನಾಣ್ಯಗಳೇ ಅಲ್ಲ. ಅವು ಅಕ್ಕಿಕಾಳನ್ನು ಸೆಳೆಯುತ್ತವೆ, ಕೋಟಿ ಬಾಳುತ್ತವೆ ಎಂಬುದು ಶುದ್ಧ ವಂಚನೆ. ನಿಮ್ಮಲ್ಲಿರುವ ಹಳೆಯ ನಾಣ್ಯಕ್ಕೆ ಲಕ್ಷಾಂತರ ಕೊಡಿಸುವೆವೆಂದು ರಿಸರ್ವ್ ಬ್ಯಾಂಕಿನ ಹೆಸರನ್ನು ಹೇಳಿ ಮುಂಗಡವಾಗಿ ಶುಲ್ಕವನ್ನೋ ತೆರಿಗೆಯನ್ನೋ ಕೇಳುವವರ ವಿಷಯದಲ್ಲಿ ಆ ಬ್ಯಾಂಕೇ ೨೦೨೧ರ ಆಗಸ್ಟಿನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿದೆ. ‘ಹೊಲ ಉಳುವಾಗ ಸಿಕ್ಕಿತು’ ಎಂಬ ಪಿಸುಮಾತು ಇನ್ನೊಂದು. ಅದು ಸುಳ್ಳಾದರೆ ನಾಣ್ಯ ಖೋಟಾ. ನಿಜವಾದರೆ, ನೆಲದಲ್ಲಿ ದೊರೆತ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂಬ, ೧೮೭೮ರ ಕಾಲದಿಂದಲೂ ಬಂದಿರುವ ವಿಧಿಗೆ ವಿರುದ್ಧ. ಎರಡು ಪಕ್ಷದಲ್ಲಿಯೂ ಕೊಳ್ಳಲು ತಕ್ಕದ್ದಲ್ಲ.

ಇಷ್ಟಾದ ಮೇಲೂ ಕೊಳ್ಳಬಯಸುವವರು ನಾಲ್ಕು ನಿಯಮಗಳನ್ನು ಪಾಲಿಸಿದರೆ ಸಾಕು. ಪುರಾವಸ್ತುಗಳ ವ್ಯಾಪಾರಕ್ಕೆ ಸರಕಾರದ ಪರವಾನಗಿ ಬೇಕಾದುದರಿಂದ, ನೂರು ವರ್ಷ ಮೀರಿದ ನಾಣ್ಯವನ್ನು ಪರವಾನಗಿಯುಳ್ಳ ವರ್ತಕನಲ್ಲಿಯೇ ಕೊಳ್ಳಬೇಕು. ನಾಣ್ಯದ ಹೆಸರು, ಇಸವಿ, ತೂಕಗಳನ್ನು ಕಾಣಿಸಿದ ರಸೀತಿಯನ್ನು ಪಡೆಯಬೇಕು. ಖೋಟಾ ಎಂದು ತಿಳಿದುಬಂದರೆ ಹಣ ಹಿಂದಿರುಗಿಸುವುದಾಗಿ ಅದರಲ್ಲಿಯೇ ಬರೆಸಿಕೊಳ್ಳಬೇಕು. ಬರೆದುಕೊಡಲು ಹಿಂಜರಿಯುವವನ ಬಾಯಿಮಾತಿಗೆ ಬೆಲೆಯಿಲ್ಲ. ಕೊನೆಯದಾಗಿ, ನಾಳೆ ಅದು ಖೋಟಾ ಎಂದು ತೋರಿದರೆ ಮನೆಯ ಯಾವ ಆವಶ್ಯಕವಾದ ವೆಚ್ಚಕ್ಕೂ ಕೊರತೆಯಾಗದಷ್ಟು ಹಣವನ್ನು ಮಾತ್ರ ತೆರಬೇಕು. ಆ ಮೊತ್ತವನ್ನು ಅಂಗಡಿಯಲ್ಲಿ ಅಲ್ಲ, ಮನೆಯಲ್ಲಿ, ಮನೆಯವರೊಡನೆ ಕುಳಿತು ನಿಶ್ಚಯಿಸಬೇಕು.

ಎಲ್ಲ ಎಚ್ಚರವನ್ನೂ ವಹಿಸಿ ಕೊಂಡ ನಾಣ್ಯವು ಖೋಟಾ ಆಗಿ ಪರಿಣಮಿಸುವುದುಂಟು. ರಸೀತಿಯ ಬಲದಿಂದ ಹಣವು ಹಿಂದಕ್ಕೆ ಬಂದರೆ ಸಂತೋಷ. ಬಾರದಿದ್ದಾಗ, ಕಳೆದುಕೊಂಡದ್ದನ್ನು ಇನ್ನೊಬ್ಬ ಅರಿಯದವನ ಕೈಯಿಂದ ವಸೂಲು ಮಾಡುವ ಆಸೆ ಹುಟ್ಟುವುದು ಸಹಜ. ಮೋಸಹೋದವನಿಗೆ ಅದು ನ್ಯಾಯವಾಗಿಯೂ ತೋರಬಹುದು. ಯಾಜ್ಞವಲ್ಕ್ಯನು ಖೋಟಾ ನಾಣ್ಯವನ್ನು ಮಾಡಿದವನಿಗೂ ಅದರಿಂದ ವ್ಯವಹರಿಸಿದವನಿಗೂ ಒಂದೇ ದಂಡವನ್ನು ಹೇಳಿದ್ದಾನೆ. ಆ ನಾಣ್ಯವನ್ನು ಖೋಟಾ ಎಂಬ ಚೀಟಿಯೊಡನೆ ಪೆಟ್ಟಿಗೆಯಲ್ಲಿಟ್ಟು, ಸಾಚಾ ನಾಣ್ಯದ ಪಕ್ಕದಲ್ಲಿ ಮಕ್ಕಳಿಗೆ ತೋರಿಸಿ, ಎರಡರ ಭೇದವನ್ನು ಕಲಿಸಿದರೆ ತೆತ್ತ ಹಣದಲ್ಲಿ ಕೊಂಚವಾದರೂ ವಿದ್ಯೆಯ ಲೆಕ್ಕಕ್ಕೆ ಸೇರುತ್ತದೆ. ಆ ಮನೆಯಲ್ಲಿ ಒಂದು ನಾಣ್ಯವು ಕೆಟ್ಟಿರಬಹುದು. ಮನೆಯವರು ನಾಣ್ಯಸ್ಥರಾಗಿಯೇ ಉಳಿದಿರುತ್ತಾರೆ.