ತಲೆಗೆ ಬಿದ್ದ ಪೆಟ್ಟು

ದೊಡ್ಡಬಳ್ಳಾಪುರ, ಹೊಸಕೋಟೆ, ದೇವನಹಳ್ಳಿ, ನೆಲಮಂಗಲಗಳ ಕಡೆ ಕಬಡ್ಡಿ ಪಂದ್ಯವೆಂದರೆ ಊರಿಗೆ ಊರೇ ನೆರೆಯುವುದು. ಹಿಡಿತಕ್ಕೆ ಸಿಕ್ಕಿ ಉರುಳಿ ತಲೆಗೆ ಪೆಟ್ಟು ತಿಂದ ಹುಡುಗನು ಮುಖಕ್ಕೆ ನೀರೆರಚಿಕೊಂಡು ಮತ್ತೆ ಅಂಕಣಕ್ಕಿಳಿದರೆ ಚಪ್ಪಾಳೆ ಬೀಳುವುದು. ಈ ಚಪ್ಪಾಳೆಯ ವಿಷಯದಲ್ಲಿಯೇ ನಮ್ಮ ಆಕ್ಷೇಪಣೆ.

2022ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ತಲೆಗೆ ಏಟು ಬಿದ್ದು ಮೈಸೂರಿನ ತರುಣನೊಬ್ಬನು ಅಸುನೀಗಿದುದನ್ನು ವಾಚಕರು ಮರೆತಿರಲಾರರು. ಒಂದೇ ಏಟಿನ ಅನಾಹುತವು ಎಲ್ಲರ ಕಣ್ಣಿಗೂ ಬೀಳುವುದು. ನೂರು ಸಣ್ಣ ಏಟುಗಳದು ಹಾಗಲ್ಲ. ಮುಷ್ಟಿಮಲ್ಲರು ಕಾಲಾಂತರದಲ್ಲಿ ಕುಡಿದವರಂತೆ ತಡವರಿಸುವುದನ್ನು ಅಮೆರಿಕದ ವೈದ್ಯ ಮಾರ್ಟ್‌ಲ್ಯಾಂಡರು 1928ರಲ್ಲಿಯೇ ಬರೆದಿಟ್ಟರು. 2002ರಲ್ಲಿ ಅಲ್ಲಿಯ ಫುಟ್‌ಬಾಲ್ ಆಟಗಾರ (ಹೆಸರಿಗೆ ಫುಟ್‌ಬಾಲ್, ಆಡುವುದು ಹೆಚ್ಚಾಗಿ ಕೈಯಲ್ಲಿ) ಮೈಕ್ ವೆಬ್‌ಸ್ಟರ್ ತೀರಿಕೊಂಡಾಗ, ಡಾಕ್ಟರ್ ಬೆನೆಟ್ ಒಮಾಲು ಅವರು ಆತನ ಮೆದುಳಿನಲ್ಲಿ ಟೌ ಎಂಬ ಪ್ರೋಟೀನು ಗಂಟುಗಟ್ಟಿದುದನ್ನು ಕಂಡರು. ಮರೆವು, ಸಿಡುಕು, ಖಿನ್ನತೆಗಳು ಈ ರೋಗದ ಕುರುಹುಗಳು. ಖಚಿತವಾಗಿ ತಿಳಿಯುವುದು ಸತ್ತ ಮೇಲೆ ಮೆದುಳನ್ನು ಪರೀಕ್ಷಿಸಿದಾಗ ಮಾತ್ರ. ವಾಸಿಮಾಡುವ ಮದ್ದಂತೂ ಇಲ್ಲ. 2019ರಲ್ಲಿ ಪ್ರಕಟವಾದ ಗ್ಲಾಸ್ಗೋ ಪರಿಶೋಧನೆಯಂತೆ, ಸ್ಕಾಟ್ಲೆಂಡಿನ ಮಾಜಿ ವೃತ್ತಿ ಫುಟ್‌ಬಾಲ್ ಆಟಗಾರರು ಮೆದುಳು ಸವೆಯುವ ರೋಗಗಳಿಂದ ಸಾಯುವ ಸಂಭವವು ಇತರರಿಗಿಂತ ಸುಮಾರು ಮೂರೂವರೆ ಪಟ್ಟು.

ಅದೇ ವರ್ಷದಿಂದ ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ, ಪೆಟ್ಟಿನಿಂದ ಮೆದುಳು ಕದಡಿದವನ ಬದಲಿಗೆ ಮತ್ತೊಬ್ಬನನ್ನು ಇಳಿಸಬಹುದಾಗಿದೆ. ಹಣವುಳ್ಳ ಆಟಕ್ಕೆ ಸಲ್ಲುವ ಎಚ್ಚರಿಕೆಯು ಮಣ್ಣಿನ ಅಂಕಣದ ಹುಡುಗನಿಗೇಕೆ ಸಲ್ಲಬಾರದು? ತಲೆಗೆ ಪೆಟ್ಟು ಬಿದ್ದು ಮಂಕಾದವನು ಆ ದಿನ ಮರಳಿ ಆಡಕೂಡದೆಂದೂ, ವೈದ್ಯರ ಅಪ್ಪಣೆಯಿಲ್ಲದೆ ಮುಂದೆಯೂ ಇಳಿಯಕೂಡದೆಂದೂ ಪಂದ್ಯಕ್ಕೆ ಅನುಮತಿ ಕೊಡುವ ಅಧಿಕಾರಿಗಳು ಷರತ್ತು ವಿಧಿಸಲಿ. ನಿಮ್ಹಾನ್ಸ್‌ನಂತಹ ಸಂಸ್ಥೆಯು ಹತ್ತಿರದಲ್ಲಿಯೇ ಇರುವಾಗ, ನಮ್ಮ ವ್ಯಾಯಾಮ ಶಿಕ್ಷಕರಿಗೆ ಪೆಟ್ಟಿನ ಲಕ್ಷಣಗಳನ್ನು ಕಲಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಬರುವ ಜಾತ್ರೆಗಳಿಗೆ ಮುಂಚೆಯೇ ಇದಾಗಬೇಕು.