ಪರದೆ ಹಿಂದೆ ಕೂತವರು

2025ರ ಆಗಸ್ಟಿನ ಒಂದು ಭಾನುವಾರ. ವೀಕೆಂಡಿಗೆ ಅಂತ ಬೆಂಗಳೂರಿಂದ ಬಳ್ಳಾರಿಗೆ ಬಂದಿದ್ದೆ. ಪಾರ್ವತಿನಗರದ ನಮ್ಮನೇಲಿ ಅಕ್ಕನ ಮಗಳದ್ದು ಒಂದೇ ಹಟ, "ಮಾಮಾ, ನರಸಿಂಹನ ಪಿಚ್ಚರ್ ತೋರಿಸು." ಕುರುಗೋಡಿನ ನನ್ನ ಗೆಳೆಯನೂ ಊರಲ್ಲೇ ಇದ್ದ. ಅವನನ್ನೂ ಎಳ್ಕೊಂಡು ಹೋದೆ.

'ಮಹಾವತಾರ ನರಸಿಂಹ' ಪೂರ್ತಿ ಆನಿಮೇಷನ್ ಸಿನಿಮಾ. ಕಂಬ ಸೀಳೋ ಹೊತ್ತಿಗೆ ಥೇಟರಲ್ಲಿ ಅರ್ಧ ಜನ ಎದ್ದು ಕೈಮುಗಿದಿದ್ದರು. ಹುಡುಗಿ ನನ್ನ ತೋಳು ಬಿಗಿಯಾಗಿ ಹಿಡಿದು ಕೂತಿತ್ತು. ಗೆಳೆಯ ಮಾತ್ರ ಪರದೆಯಿಂದ ಕಣ್ಣು ತೆಗೀದೆ ಮೆಲ್ಲಗೆ ಅಂದ: "ಇದ್ರಾಗ ನಮ್ಮಂಥೋರಿಗೆ ಕೆಲಸಾನ ಇಲ್ಲಲೇ. ಕತ್ತರಿಸಾಕ ಒಬ್ಬ ಮನುಷ್ಯಾನೂ ಇಲ್ಲ."

ಅವನು ರೋಟೋ ಆರ್ಟಿಸ್ಟ್. ಏಳು ವರ್ಷದಿಂದ ಬೆಂಗಳೂರಿನ ಒಂದು ವಿಎಫ್‌ಎಕ್ಸ್ ಸ್ಟುಡಿಯೋದಲ್ಲಿ ಇದ್ದಾನೆ. ಕೆಲಸ ಏನು ಅಂದ್ರೆ, ನಟನ ಅಂಚನ್ನು ಗೆರೆ ಎಳೆದು ಹಿನ್ನೆಲೆಯಿಂದ ಬೇರೆ ಮಾಡೋದು. ಆಮೇಲೆ ಆ ಹಿನ್ನೆಲೆಯಲ್ಲಿ ಕಾಡು ಬೇಕಾದ್ರೆ ಕಾಡು, ಕೋಟೆ ಬೇಕಾದ್ರೆ ಕೋಟೆ ಕೂರಿಸಬಹುದು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಐದು ಸೆಕೆಂಡಿನ ಶಾಟ್ ಅಂದ್ರೆ 120 ಚಿತ್ರ. ನಾಯಕ ಕೂದಲು ಬಿಟ್ಟುಕೊಂಡು ಗಾಳಿಗೆ ಓಡಿ ಬಂದನೋ, ಇವನ ಆ ವಾರ ಮುಗೀತು ಅಂತಲೇ. ನಾವು ಪ್ರೇಕ್ಷಕರು ಅದನ್ನ ಪಾಪ್‌ಕಾರ್ನ್ ಬಾಯಿಗೆ ಹಾಕ್ಕೊಳ್ಳೋ ಅಷ್ಟರಲ್ಲಿ ನೋಡಿ ಮುಗಿಸಿರ್ತೀವಿ.

ಸಿನಿಮಾ ಬಿಟ್ಟ ಮೇಲೆ ಮನೇಲಿ ಚಹಾ ಕುಡೀತಾ ಇದನ್ನೇ ಅಜ್ಜಿಗೆ ವಿವರಿಸ್ತಿದ್ದ. ಅಜ್ಜಿ ಪೂರ್ತಿ ಕೇಳಿಸ್ಕೊಂಡು, "ತೊಗಲುಗೊಂಬಿ ಕೊರಿಯೋರು ಮಾಡೋದೂ ಇದೇ ಅಲ್ಲೇನಪ್ಪಾ?" ಅಂದಳು. ಇಬ್ಬರಿಗೂ ಉತ್ತರ ಹೊಳೀಲಿಲ್ಲ.

ಅಜ್ಜಿ ಹೇಳಿದ್ದು ಸರಿ. ಮೇಕೆ ಚರ್ಮದ ಕೂದಲು ತೆಗೆದು, ಬೆಳಕು ಹಾಯೋವಷ್ಟು ತೆಳ್ಳಗೆ ಹೆರೆದು, ಅದರ ಮೇಲೆ ರಾಮನ್ನೋ ರಾವಣನ್ನೋ ಬರೆದು, ಅಂಚು ಕತ್ತರಿಸಿ, ಒಡವೆ ಇರೋ ಕಡೆಯೆಲ್ಲ ಚಿಕ್ಕ ಉಳಿಯಿಂದ ತೂತು ಕೊರೀತಾರೆ. ಬಣ್ಣ ಹಚ್ಚಿ ಬಿದಿರುಕಡ್ಡಿ ಕಟ್ಟಿದರೆ ಗೊಂಬೆ ರೆಡಿ. ಹಿಂದೆ ದೀಪ, ಮುಂದೆ ಬಿಳಿ ಬಟ್ಟೆ. ಗೊಂಬೆ ಬಟ್ಟೆಗೆ ಅಂಟಿಕೊಂಡಿದ್ದರೆ ಚಿತ್ರ ಚೂಪಾಗಿ ಕಾಣುತ್ತೆ. ದೀಪದ ಕಡೆ ಹಿಂದಕ್ಕೆಳೆದರೆ ದೊಡ್ಡದಾಗಿ ಮಸುಕಾಗುತ್ತೆ. ಕ್ಯಾಮೆರಾದವರು ಲೆನ್ಸ್ ತಿರುಗಿಸಿ ಮಾಡೋ ಫೋಕಸ್ ಇಲ್ಲಿ ಮೊಣಕೈ ಆಡಿಸೋದ್ರಲ್ಲೇ ಆಗುತ್ತೆ. ಒಂದೇ ಪಾತ್ರಕ್ಕೆ ದರ್ಬಾರಿಗೊಂದು, ಯುದ್ಧಕ್ಕೊಂದು ಅಂತ ಬೇರೆ ಬೇರೆ ಗೊಂಬೆ ಇರ್ತವೆ. ಗೇಮ್ ಬರೆಯೋ ನನ್ನ ಸಹೋದ್ಯೋಗಿಗಳಿಗೆ ಈ ಪದ್ಧತಿ ಹೇಳಿಕೊಡಬೇಕಾಗೇ ಇಲ್ಲ.

ಈ ಕಲೆಗೆ ನಮ್ಮ ಬಳ್ಳಾರಿಯಲ್ಲಿ ದೊಡ್ಡ ಹೆಸರು ಬೆಳಗಲ್ಲು ವೀರಣ್ಣ ಅವರದು. ರಂಗಭೂಮಿಯಿಂದ ತೊಗಲುಗೊಂಬೆಗೆ ಬಂದವರು. ಪುರಾಣಕ್ಕಷ್ಟೇ ನಿಲ್ಲದೆ ಸ್ವಾತಂತ್ರ್ಯ ಹೋರಾಟವನ್ನೂ ಗಾಂಧೀಜಿಯನ್ನೂ ಆ ಪರದೆ ಮೇಲೆ ತಂದವರು. 2023ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರಿದ್ದ ಊರಲ್ಲೇ ಬೆಳೆದ ನಾನು ಒಮ್ಮೆಯೂ ಅವರ ಆಟವನ್ನ ಎದುರು ಕೂತು ನೋಡಲಿಲ್ಲ. ಯೂಟ್ಯೂಬಲ್ಲಿ ನೋಡಿದ್ದೀನಿ, ಅದೂ ತುಂಡು ತುಂಡಾಗಿ.

'ಫ್ಯಾಂಟಸಿ ಸಿನಿಮಾ' ಅಂದ ಕೂಡಲೇ ನಾವು 'ಅವತಾರ್', 'ಬಾಹುಬಲಿ' ಅಂತ ಶುರು ಮಾಡ್ತೀವಿ. ಆ ದಾರಿ ಹಿಡಿದು ಸ್ವಲ್ಪ ಹಿಂದಕ್ಕೆ ನಡೆದರೆ ನಮ್ಮ ಪಕ್ಕದ ಜಿಲ್ಲೆಗಳಿಗೇ ಬಂದು ನಿಲ್ತೀವಿ. 1885ರಲ್ಲಿ ಕಡಪ ಜಿಲ್ಲೆಯ ಸುರಭಿ ಅನ್ನೋ ಹಳ್ಳಿಯಲ್ಲಿ ತೊಗಲುಗೊಂಬೆ ಆಡಿಸ್ತಿದ್ದ ಮನೆತನದವರು ಗೊಂಬೆ ಕೆಳಗಿಟ್ಟು ತಾವೇ ವೇಷ ಕಟ್ಟಿ ನಾಟಕ ಆಡಿದರು. ಅದೇ ಮುಂದೆ ಸುರಭಿ ನಾಟಕ ಕಂಪನಿ ಆಯ್ತು. ಹಗ್ಗದ ಮೇಲೆ ಹಾರುವ ನಾರದ, ನಡುಗಾಳಿಯಲ್ಲಿ ಡಿಕ್ಕಿ ಹೊಡೆಯೋ ಬಾಣಗಳು, ಇವಕ್ಕೇ ಜನ ಮುಗಿಬೀಳ್ತಿದ್ದರು. 1932ರಲ್ಲಿ ತೆಲುಗಿನ ಮೊದಲ ಟಾಕಿ 'ಭಕ್ತ ಪ್ರಹ್ಲಾದ' ಬಂದಾಗ, ಅದು ಇದೇ ಸುರಭಿಯವರ ನಾಟಕದಿಂದ ಆದ ಸಿನಿಮಾ. ಕನ್ನಡದಲ್ಲಿ 1983ರಲ್ಲಿ ರಾಜಕುಮಾರ್ ಹಿರಣ್ಯಕಶಿಪು, ಪುಟ್ಟ ಪುನೀತ್ ಪ್ರಹ್ಲಾದ. 2025ರಲ್ಲಿ ಅದೇ ಕಂಬ ಕಂಪ್ಯೂಟರಲ್ಲಿ ಒಡೀತು.

ನಡುವೆ ಇನ್ನೊಂದು ಹೇಳಲೇಬೇಕು. 'ಬಭ್ರುವಾಹನ' (1977) ನೋಡಿದ್ದೀರಲ್ಲ? ಅರ್ಜುನ, ಬಭ್ರುವಾಹನ ಇಬ್ಬರೂ ರಾಜಕುಮಾರ್, ಇಬ್ಬರೂ ಒಂದೇ ಫ್ರೇಮಲ್ಲಿ. ಛಾಯಾಗ್ರಾಹಕ ಎಸ್.ವಿ. ಶ್ರೀಕಾಂತ್ ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಆ ಎರಡನ್ನೂ ಒಟ್ಟಿಗೆ ತಂದರು. ಆಗಿನ ವಿಧಾನ ಹೀಗೆ: ಲೆನ್ಸಿನ ಅರ್ಧ ಮುಚ್ಚಿ ಒಂದು ಕಡೆ ಶೂಟ್ ಮಾಡಬೇಕು, ಅದೇ ಫಿಲ್ಮನ್ನ ಹಿಂದಕ್ಕೆ ಸುತ್ತಿ ಇನ್ನರ್ಧ ಮುಚ್ಚಿ ಮತ್ತೊಂದು ಕಡೆ. ಕ್ಯಾಮೆರಾ ಕೂದಲೆಳೆ ಅಲುಗಿದರೂ ಎಲ್ಲ ಹಾಳು. ಕಂಟ್ರೋಲ್ ಝಡ್ ಇಲ್ಲ.

ಈಗಿನ ಹೊಸ ಮಾತು ಅಂದ್ರೆ ಸಿನಿಮಾ, ಗೇಮ್, ಆನಿಮೇಷನ್ ಎಲ್ಲ ಒಂದಾಗ್ತಿವೆ ಅನ್ನೋದು. ಸುಳ್ಳಲ್ಲ. 2019ರ 'ಮ್ಯಾಂಡಲೋರಿಯನ್' ಸೀರೀಸಿನಲ್ಲಿ ಹಸಿರು ಪರದೆ ಬದಲು ದೊಡ್ಡ ಎಲ್‌ಇಡಿ ಗೋಡೆ ನಿಲ್ಲಿಸಿ, ಗೇಮ್ ಮಾಡೋ ಅನ್‌ರಿಯಲ್ ಎಂಜಿನ್‌ನಿಂದ ಹಿನ್ನೆಲೆ ಓಡಿಸಿದರು. ಕ್ಯಾಮೆರಾ ತಿರುಗಿದ ಹಾಗೆ ಗೋಡೆ ಮೇಲಿನ ಬೆಟ್ಟವೂ ಜಾಗ ಬದಲಿಸುತ್ತೆ. 'ಕಲ್ಕಿ 2898 ಎಡಿ' 2024ರಲ್ಲಿ ಥೇಟರಿಗೆ ಬರೋ ಮೊದಲೇ ಅದರ ಕಥೆಗೆ ಮುನ್ನುಡಿಯಂಥ ಆನಿಮೇಷನ್ ಓಟಿಟಿಗೆ ಬಂದಿತ್ತು. ಸಾಮಾನ್ಯವಾಗಿ ವಿಎಫ್‌ಎಕ್ಸಿನ ಒಂದೊಂದು ಫ್ರೇಮ್ ರೆಂಡರ್ ಆಗೋಕೆ ಗಂಟೆಗಟ್ಟಲೆ ಹಿಡಿಯಬಹುದು. ಗೇಮ್ ಎಂಜಿನ್ ಅದನ್ನ ಕಣ್ಣೆದುರೇ ಬರೀತದೆ, ನಮ್ಮ ಭಾಷೇಲಿ ರಿಯಲ್ ಟೈಮ್.

ಗೊಂಬೆಯಾಟವೂ ರಿಯಲ್ ಟೈಮೇ. ಆದರೆ ಅಲ್ಲಿ ಬಟ್ಟೆ ಹಿಂದೆ ಕೂತವನಿಗೆ ಜನರ ನಗು ಕೇಳಿಸ್ತಿತ್ತು. ನಕ್ಕರೆ ಹಾಸ್ಯ ಎರಡು ಮಾತು ಬೆಳೀತಿತ್ತು, ತೂಕಡಿಸಿದರೆ ಯುದ್ಧ ಬೇಗ ಶುರುವಾಗ್ತಿತ್ತು. ಬೆಳಗಾದ ಮೇಲೆ ಅದೇ ಊರಲ್ಲಿ ಅವನಿಗೆ ಜೋಳ ಅಳೆದು ಕೊಡ್ತಿದ್ದರಂತೆ. "ರಾತ್ರಿ ರಾವಣನ್ನ ಆಡಿಸಿದೋನು ಇವನೇ" ಅಂತ ಹುಡುಗರು ಹಿಂದೆ ಬೀಳ್ತಿದ್ದರಂತೆ. ಇದೂ ಅಜ್ಜಿ ಹೇಳಿದ್ದೇ.

ನನ್ನ ಗೆಳೆಯನ್ನ ಯಾರೂ ಹಾಗೆ ಗುರುತಿಸಿಲ್ಲ. ಅವನು ಕೆಲಸ ಮಾಡಿದ ಮೂರು ದೊಡ್ಡ ಸಿನಿಮಾದಲ್ಲಿ ಅವನ ಹೆಸರೇ ಇಲ್ಲ. ಸ್ಟುಡಿಯೋ ಹೆಸರು ಇತ್ತು, ಅಷ್ಟೇ. ಜೊತೆಗೆ ಈಗ ಎಐ. 2023ರ ಏಪ್ರಿಲ್‌ನಲ್ಲೇ ಮೆಟಾದವರು 'ಸೆಗ್‌ಮೆಂಟ್ ಎನಿಥಿಂಗ್' ಅನ್ನೋ ಮಾಡೆಲ್ ಬಿಟ್ಟರು. ಫೋಟೋದಲ್ಲಿರೋ ಮನುಷ್ಯನ ಮೇಲೆ ಒಂದು ಕ್ಲಿಕ್, ಅಂಚು ತಾನೇ ಕತ್ತರಿಸ್ಕೊಳ್ಳುತ್ತೆ. ಮರುವರ್ಷ ವಿಡಿಯೋಗೂ ಬಂತು. ಅವನ ಟೀಮಲ್ಲಿದ್ದ 14 ಜನ ಈಗ ಐದು ಜನ ಆಗಿದ್ದಾರೆ. ಉಳಿದವರ ಕೆಲಸ ಮೆಷೀನ್ ತಪ್ಪು ಮಾಡಿದ ಕೂದಲು, ಬೆರಳು ತಿದ್ದೋದು. ಇಂಥ ಟೂಲ್ ಬರೆಯೋ ಕಡೆಗೇ ನಾನು ಸಂಬಳ ತಗೊಳ್ಳೋದು. ಅವನಿಗೆ ಅದು ಗೊತ್ತು. ಆ ದಿನ ಚಹಾ ಮುಗಿಯೋ ತನಕ ಇಬ್ಬರೂ ಆ ಮಾತು ಎತ್ತಲಿಲ್ಲ.

ನಾಲ್ಕನೇ ಸಿನಿಮಾದಲ್ಲಿ ಹೆಸರು ಹಾಕ್ತೀವಿ ಅಂದಿದ್ದರಂತೆ. ಅದು ಬಿಡುಗಡೆಯಾದಾಗ ಅಪ್ಪ ಅಮ್ಮನ್ನ ಕರ್ಕೊಂಡು ಹೋದ. ಹೆಸರುಗಳು ಓಡೋಕೆ ಶುರುವಾಗುತ್ತಲೇ ಲೈಟ್ ಹಾಕಿ, ಬಾಗಿಲು ತೆಗೆದು, ಪರದೆ ಆಫ್ ಮಾಡಿದರು, ಮುಂದಿನ ಶೋಗೆ ಟೈಮಾಗಿತ್ತು. ಓಟಿಟಿಗೆ ಬಂದ ರಾತ್ರಿ ನನಗೂ ಫೋನ್ ಮಾಡಿದ. ಸಿನಿಮಾ ಮುಗೀತಿದ್ದ ಹಾಗೇ ಹೆಸರುಗಳು ಒಂದು ಮೂಲೆಗೆ ಮುದುಡಿ, ಮುಂದೆ ಇದನ್ನ ನೋಡಿ ಅಂತ ಬೇರೆ ಪೋಸ್ಟರ್ ಬಂತು. ಹಿಂದಕ್ಕೆಳೆದು ಮತ್ತೆ ಮತ್ತೆ ನಿಲ್ಲಿಸಿ ನೋಡಿದ್ವಿ. ನೂರಾರು ಹೆಸರಿನ ನಡುವೆ, ಎಡಗಡೆಯಿಂದ ಮೂರನೇ ಸಾಲಲ್ಲಿ ಅವನೂ ಇದ್ದ. ಸ್ಪೆಲ್ಲಿಂಗ್ ತಪ್ಪಾಗಿತ್ತು. ಅವರಮ್ಮ ಟಿವಿ ಮುಂದೆ ನಿಂತು ಅದರದ್ದೇ ಫೋಟೋ ಹೊಡೆದು ಸ್ಟೇಟಸ್‌ಗೆ ಹಾಕಿದರು.